ನೂರು ಮನೆಯ ಅಂಗಿ

ಆರನೆಯ ತಿಂಗಳ ಆರನೆಯ ದಿನ ನಮ್ಮ ಯಾಂತಾಯ್ ಊರಿನಲ್ಲಿ ಪೆಟ್ಟಿಗೆಯೊಳಗಿನ ಬಟ್ಟೆಯೆಲ್ಲ ಅಂಗಳಕ್ಕೆ ಬರುತ್ತದೆ. ಅಂದು ಬಿಸಿಲು ಕಂಡ ಬಟ್ಟೆಗೆ ಹುಳು ಹಿಡಿಯುವುದಿಲ್ಲ. ನಮ್ಮತ್ತೆ ಪ್ರತಿ ವರ್ಷ ಮೊದಲು ಹರವಿಸುತ್ತಿದ್ದುದು ತಮ್ಮ ಸಾವಿನ ಉಡುಪನ್ನು. ಐವತ್ತು ತುಂಬಿದಾಗಲೇ ಅದನ್ನು ಹೊಲಿದಿಟ್ಟಿದ್ದರು. ನೋಡಲು ಬಂದವರಿಗೆ, ಅಂಗಡಿಯವನ ಬಾಯಿ ಮುಚ್ಚಿಸಿ ಅರ್ಧ ಬೆಲೆಗೆ ಬಟ್ಟೆ ತಂದ ಕಥೆ ಹೇಳದೆ ಬಿಡುತ್ತಿರಲಿಲ್ಲ.

ಆ ವರ್ಷ ಅವರ ಹೊಟ್ಟೆಯಲ್ಲಿ ಗಡ್ಡೆ ಬೆಳೆದಿತ್ತು. ಚಳಿಗಾಲ ಕಾಣುವುದು ಕಷ್ಟ ಎಂದಿದ್ದರು ವೈದ್ಯರು. ಅತ್ತೆ ಹೆದರಲಿಲ್ಲ, ಮಾವನನ್ನು ನೋಡಲು ಹೊರಟವರ ಹಾಗಿದ್ದರು. ಮಾವ ನೌಕಾಪಡೆಯ ಹಡಗಿನ ಒಲೆಗೆ ಕಲ್ಲಿದ್ದಲು ತುಂಬುತ್ತಿದ್ದವರು. ಇಪ್ಪತ್ತೈದು ವರ್ಷದ ಹಿಂದೆ ಜಪಾನಿನ ಗುಂಡಿಗೆ ಹಡಗಿನ ಸಮೇತ ಮುಳುಗಿದರು. ಹೆಣವೂ ಸಿಗಲಿಲ್ಲ.

ಅಂಗಿಯನ್ನು ಕೊಡವುವಾಗ ಒಂದು ಹೊಲಿಗೆ ಬಿಚ್ಚಿಕೊಂಡಿತು. ಒಳ ಮಡಿಕೆಯಲ್ಲಿ ಗಿರಣಿಯ ಮುದ್ರೆ ಕಾಣಿಸಿತು. ಜಪಾನಿನದು; ಓದಲು ಬಾರದವರಿಗೂ ಆಗ ಗೊತ್ತಿದ್ದ ಗುರುತು. ಮೆಲ್ಲಗೆ ಮಡಿಕೆ ಮುಚ್ಚಲು ಹೋದೆ. ಆದರೆ ನಮ್ಮತ್ತೆಯ ಕಣ್ಣು ತಪ್ಪಿಸುವುದುಂಟೇ?

"ತಾ ಇಲ್ಲಿ."

"ಬಿಡಿ ಅತ್ತೆ, ಒಳಗಡೆ ಹೊಲಿಗೆ ಯಾರು ನೋಡ್ತಾರೆ?"

"ನಿಮ್ಮಾವ ನೋಡ್ತಾರೆ," ಎಂದರು. ಬಹಳ ಹೊತ್ತು ಆ ಮುದ್ರೆಯ ಮೇಲೆ ಬೆರಳಾಡಿಸಿದರು. "ಇವರ ಗುಂಡಿಗೆ ಸತ್ತೋರ ಮುಂದೆ ಇವರ ಬಟ್ಟೆ ಉಟ್ಕೊಂಡು ಹೋಗಿ ನಿಂತ್ಕೊಳ್ಲಾ? ಅರ್ಧ ಬೆಲೆಗೆ ಯಾಕೆ ಕೊಟ್ಟ ಅಂತ ಆವತ್ತೇ ಹೊಳೀಬೇಕಿತ್ತು ನನಗೆ."

ಆಗ ಊರೆಲ್ಲ ಜಪಾನಿನದೇ ಸುದ್ದಿ. ನನ್ನ ಗಂಡ ಫ್ರಾನ್ಸಿಗೆ ಕಂದಕ ತೋಡಲು ಹೋಗಿದ್ದ, ಮಹಾಯುದ್ಧ ಗೆದ್ದವರ ಪರವಾಗಿಯೇ. ಆ ಗೆದ್ದವರೇ ಪ್ಯಾರಿಸಿನಲ್ಲಿ ಕೂತು ನಮ್ಮ ಚಿಂಗ್‌ದಾವ್ ಬಂದರನ್ನು ಜರ್ಮನಿಯಿಂದ ಕಿತ್ತು ಜಪಾನಿನ ಮಡಿಲಿಗೆ ಹಾಕಿದ್ದರು. ನನಗೆ ಈಗಲೂ ಮೈ ಉರಿಯುತ್ತದೆ. ಶಾಲೆಯ ಹುಡುಗಿಯರು ಕೈಗಾಡಿ ತಳ್ಳಿಕೊಂಡು ಕೇರಿ ಕೇರಿ ಸುತ್ತಿ, ಸುಡಲಿಕ್ಕೆಂದು ಜಪಾನಿ ಸಾಮಾನು ಕೇಳುತ್ತಿದ್ದರು.

ಮಧ್ಯಾಹ್ನ ಅವರು ನಮ್ಮ ಬಾಗಿಲಿಗೂ ಬಂದರು. ಅತ್ತೆ ಹೊಸ್ತಿಲಲ್ಲಿ ಕೂತು ಆ ಉಡುಪಿನ ಗಂಟನ್ನು ಮುಂದೆ ತಳ್ಳಿದರು. ಮುಂದಾಳು ಹುಡುಗಿ ವೆನ್‌ಯಿಂಗ್ ಗಂಟು ಬಿಚ್ಚಿದವಳೇ ಕೈ ಹಿಂದೆಗೆದಳು.

"ಅಜ್ಜಿ, ಇದು ನೀವು ಹೋಗುವಾಗ ಉಡೋದಲ್ವಾ? ಇದನ್ನ ನಾವು ಮುಟ್ಟಲ್ಲ. ಬೇರೆ ಏನಾದ್ರೂ ಕೊಡಿ, ಒಂದು ಬೀಸಣಿಗೆ ಸಾಕು."

"ಬೀಸಣಿಗೆ ಕೊಟ್ಟು ದೇಶ ಉಳಿಸೋದಾದ್ರೆ ನೀನ್ಯಾಕಮ್ಮ ಬಿಸಿಲಲ್ಲಿ ಗಾಡಿ ತಳ್ತೀಯ? ತಗೊಂಡು ಹೋಗು. ಸರಿಯಾಗಿ ಸುಡು, ಅರ್ಧಂಬರ್ಧ ಬಿಡಬೇಡ."

ಹುಡುಗಿ ಕಣ್ಣೊರೆಸಿಕೊಂಡು ಗಂಟು ಎತ್ತಿದಳು. ಗಾಡಿ ತಿರುವಿನಲ್ಲಿ ಮರೆಯಾದ ಮೇಲೆ ಅತ್ತೆಯ ಮುಖ ಸಪ್ಪಗಾಯಿತು. "ಈಗ ಏನುಟ್ಕೊಂಡು ಹೋಗ್ಲಿ?" ಎಂದು ನನ್ನನ್ನು ಕೇಳಿದರು. ಅವರು ನನ್ನನ್ನು ಏನನ್ನಾದರೂ ಕೇಳಿದ್ದು ಅದೇ ಮೊದಲು. ಊರಿನ ಕೈಮಗ್ಗದ ಬಟ್ಟೆಯ ಬೆಲೆ ಆಗ ಗಗನಕ್ಕೇರಿತ್ತು.

ಮರುದಿನ ಬೆಳಿಗ್ಗೆ ಸುದ್ದಿ ಕೇಳಿ, ತೋಫು ಮಾರುವ ಮೌ ಮುದುಕಿ ಬಂದಳು. ಅವಳಿಗೂ ಅತ್ತೆಗೂ ಮಾತು ನಿಂತು ವರ್ಷಗಳಾಗಿದ್ದವು. ಕೈಯಲ್ಲಿ ಅಂಗೈಯಗಲದ ನೀಲಿ ಚೂರು ಹಿಡಿದಿದ್ದಳು.

"ನಮ್ಮಮ್ಮ ನೇಯ್ದಿದ್ದು. ನನ್ನ ಮದುವೆ ಹೊದಿಕೇದು."

ಅತ್ತೆ ಅದನ್ನು ಬೆಳಕಿಗೆ ಹಿಡಿದರು. "ನಿನ್ನ ತೋಫು ಥರಾನೇ ತೆಳ್ಳಗಿದೆ."

"ಸಾಯೋಕೆ ಹೊರಟ್ರೂ ನಿನ್ನ ನಾಲಿಗೆ ಮೊಂಡಾಗಲ್ಲ ಬಿಡು. ಎಲ್ಲಾ ಮನೆಯಿಂದ್ಲೂ ತರ್ತಾರೆ. ಸುಮ್ನೆ ತಗೋ."

ಹಸುಗೂಸು ಬದುಕಲಿ ಎಂದು ನೂರು ಮನೆಯ ಚೂರು ಬೇಡಿ ತಂದು ಅಂಗಿ ಹೊಲಿಯುವುದುಂಟು. ಸಾಯುವವರಿಗೆ ಹೊಲಿದದ್ದನ್ನು ಯಾರೂ ಕಂಡಿರಲಿಲ್ಲ. "ಕೂಸಿನ ಅಂಗಿ ತೊಟ್ಟು ಹೋದ್ರೆ ನಿಮ್ಮಾವ ಎತ್ಕೊಂಡು ಆಡಿಸ್ಬೇಕಷ್ಟೆ," ಎಂದು ಅತ್ತೆ ನಕ್ಕರು. ನಗುನಗುತ್ತಲೇ ಅತ್ತರು. ಆದರೂ ಬಂದ ಒಂದೊಂದು ಚೂರನ್ನೂ ತಿರುವಿಹಾಕಿ ನೋಡದೆ ನನ್ನ ಕೈಗೆ ಕೊಡಲಿಲ್ಲ. ಪೊಲೀಸನ ಹೆಂಡತಿ ತಂದ ಹೂವಿನ ಬಟ್ಟೆ ಜಪಾನಿನದಾಗಿತ್ತು, ಹಾಗೇ ವಾಪಸಾಯಿತು.

ಕೊನೆಯಲ್ಲಿ ವೆನ್‌ಯಿಂಗ್ ಬಂದಳು. ಮೆರವಣಿಗೆಯ ಬಾವುಟದಿಂದ ಕತ್ತರಿಸಿದ ಬಿಳಿ ಪಟ್ಟಿ ತಂದಿದ್ದಳು. ಅದರ ಮೇಲೆ 'ನಮ್ಮ ಚಿಂಗ್‌ದಾವ್ ನಮಗೆ ಕೊಡಿ' ಎಂದು ಶಾಯಿಯಲ್ಲಿ ಬರೆದಿತ್ತು. ಅವಳು ಓದಿ ಹೇಳಿದಳು.

"ಒಳಗಡೆ ಹಾಕು," ಎಂದರು ಅತ್ತೆ ನನಗೆ. "ನಿಮ್ಮಾವನಿಗೆ ಓದೋಕೆ ಬರಲ್ಲ."

ನಾನು ಸೂಜಿಗೆ ದಾರ ಪೋಣಿಸುವಷ್ಟರಲ್ಲಿ ಅವರ ಮನಸ್ಸು ಬದಲಾಗಿತ್ತು.

"ಬೇಡ, ಎದೆ ಮೇಲೇ ಹಾಕು. ಹಡಗಿನ ತುಂಬ ಜನ ಮುಳುಗಿದ್ದಾರಲ್ಲ, ಓದೋಕೆ ಬರೋನು ಒಬ್ನಾದ್ರೂ ಇರ್ತಾನೆ. ಜೋರಾಗಿ ಓದ್ಲಿ. ಎಲ್ರೂ ಕೇಳ್ಲಿ."

ಹತ್ತನೆಯ ತಿಂಗಳಲ್ಲಿ ಅವರು ಹೋದರು. ಮೌ ಮುದುಕಿ ಮತ್ತು ನಾನು ಸೇರಿ ಆ ಅಂಗಿ ತೊಡಿಸಿದೆವು. ಎದೆಯ ಮೇಲಿನ ಪಟ್ಟಿ ಸ್ವಲ್ಪ ಸುಕ್ಕಾಗಿತ್ತು, ಅಕ್ಷರಗಳು ಚೆನ್ನಾಗಿ ಕಾಣುವಂತೆ ಅದನ್ನು ಅಂಗೈಯಿಂದ ನೀವಿ ಸರಿ ಮಾಡಿದೆ.