ಒಂದೇ ನಂಬರು

ಕನಕಮ್ಮನ ಹೆಣವನ್ನು ಗುಂಡಿಗೆ ಇಳಿಸುತ್ತಿರುವಾಗಲೇ ನಾದಿನಿ ಗೋವಿಂದಮ್ಮ ತಡೆದಳು.

"ನಿಲ್ಲಿ! ಎಲೆ ಅಡಿಕೆ ಮಡಗಿದ್ರಿ, ಈ ಮೊಬೈಲ್ ಯಾಕೆ ಬಿಟ್ರಿ? ನಮ್ಮತ್ಗೇದು ಪ್ರಾಣವೆಲ್ಲಾ ಇದ್ರಾಗೇ ಇತ್ತು."

ಗಡಿ ಊರಾದ ತಳಿಯ ಮಂಜು ಚೆಂಡುಹೂವಿನ ಹೊಲದ ಮೇಲೆ ಇನ್ನೂ ಮಲಗಿತ್ತು. ಹೊಲದಂಚಿನಲ್ಲಿ ನಿಂತವರು ಸೊಂಟದಿಂದ ಕೆಳಗೆ ಕಾಣದೆ ತೇಲುತ್ತಿರುವಂತಿದ್ದರು. ಮತ್ತಿಗಿರಿಯ ಮನೆಯಿಂದ ಕನಕಮ್ಮನನ್ನು ಸ್ವಂತ ಊರಿನ ಈ ಹೊಲಕ್ಕೆ ತಂದ ರಾಮಾಂಜಿನಪ್ಪನ ಜೀಪು ಹಾರಗಳ ಸಮೇತ ರಸ್ತೆಯಲ್ಲಿ ನಿಂತಿತ್ತು.

ಕನಕಮ್ಮನ ವಠಾರದಲ್ಲಿ ಬಾಡಿಗೆಗಿದ್ದ, ಬ್ರೌಸಿಂಗ್ ಸೆಂಟರಿನ ಹುಡುಗಿ ಮೇಘಶ್ರೀ ಆಕೆಯ ಗಂಡ ಪಾಪಣ್ಣನ ಹತ್ತಿರ ಬಂದಳು.

"ಅಂಕಲ್, ಫೋನ್ ಮಾತ್ರ ಬೇಡ. ವೆಬ್‌ಸೈಟಲ್ಲಿ ಬೇರೆ ನಂಬರ್ ಹಾಕೋವರೆಗಾದ್ರೂ ಇರ್ಲಿ."

"ಮಡಗಿ ಅತ್ಲಾಗೆ," ಎಂದ ಪಾಪಣ್ಣ. "ಇದರ ಕಾಟದಾಗೆ ಒಂದಿನ ನಂಜೊತೆ ನೆಮ್ಮದಿಯಾಗಿ ಕುಂತಿಲ್ಲ ಅವ್ಳು. ಇವತ್ತಾದ್ರೂ ಸುಮ್ನೆ ಮನಿಕ್ಕಳ್ಳಿ."

*

ಎರಡು ವರ್ಷದ ಹಿಂದೆ, 2004ರ ಮಳೆಗೆ ಮತ್ತಿಗಿರಿಯ ಕೆಳಬೀದಿ ಮುಳುಗಿದಾಗ, ಹಗ್ಗ ಯಾರ ಮನೆಯಲ್ಲಿದೆ, ಏಣಿ ಯಾರ ಮನೆಯಲ್ಲಿದೆ ಎಂದು ತಿಳಿಯದೆ ಜನ ಪರದಾಡಿದ್ದರು. ಆಮೇಲೆ ಮೇಘಶ್ರೀ ಆ ವೆಬ್‌ಸೈಟು ಮಾಡಿದಳು. ಆಪತ್ತಿಗೆ ಬೇಕಾದ್ದನ್ನು ಹುಡುಕಿದರೆ ಅದು ಯಾರ ಬಳಿ ಇದೆ, ಅವರ ಫೋನ್ ನಂಬರೇನು, ಎಲ್ಲ ಬರಬೇಕು. ಕನಕಮ್ಮ ಅವಳನ್ನು ಮನೆಮನೆಗೂ ಕರೆದುಕೊಂಡು ಹೋಗಿ, ಒಂದು ಬಾಗಿಲಲ್ಲಿ ಕನ್ನಡ, ಮುಂದಿನದರಲ್ಲಿ ತಮಿಳು, ಆಚೆಯದರಲ್ಲಿ ತೆಲುಗು ಆಡಿದಳು. ಜನ ಟಾರ್ಪಾಲು ಬರೆಸಿದರು, ರಕ್ತದ ಗುಂಪು ಬರೆಸಿದರು. ನಂಬರು ಕೇಳಿದರೆ ಮಾತ್ರ ಎಲ್ಲರದೂ ಒಂದೇ ರಾಗ.

"ನಮ್ದ್ಯಾಕಮ್ಮ ಕಂಪ್ಯೂಟರಿಗೆ? ಕನಕಮ್ಮಂದೇ ಹಾಕು. ಅವ್ಳು ಕೂಗಿದ್ರೆ ಬತ್ತೀವಿ."

ಅರವತ್ತಮೂರು ಮನೆಗೆ ಒಂದೇ ನಂಬರು! ಉಣ್ಣುವಾಗಲೂ ರಿಂಗಾಗುತ್ತಿತ್ತು. "ಊರ ಉಸಾಬರಿಯೆಲ್ಲಾ ನಿನ್ ತಲೆಮ್ಯಾಗೇ," ಎಂದು ಪಾಪಣ್ಣ ಸಿಡುಕುತ್ತಿದ್ದ. ಅವಳು ಎಂಜಲುಗೈಯಲ್ಲೇ ಎದ್ದು ಹೋಗುವಳು. ಅವಳು ಬರುವ ತನಕ ಅವನಿಗೂ ತುತ್ತು ಇಳಿಯುತ್ತಿರಲಿಲ್ಲ, ಮುದ್ದೆ ಆರಿಹೋಗುತ್ತಿತ್ತು.

*

ಗೋವಿಂದಮ್ಮ ಹೆಣದ ಬೆರಳುಗಳ ನಡುವೆ ಫೋನು ಸಿಕ್ಕಿಸಿದಳು. ಹೆಣ ಇಳಿಸಿದ ಮೇಲೆ ಪಾಪಣ್ಣ ಮೊದಲ ಹಿಡಿ ಮಣ್ಣು ಹಾಕಿದ. ಎಲ್ಲರೂ ಬಗ್ಗಿದರು. ಆಗ ಗುಂಡಿಯೊಳಗೆ ಫೋನು ರಿಂಗಾಯಿತು.

ಅದು ನಿಂತು, ಮತ್ತೆ ಶುರುವಾಯಿತು. ಪಾಪಣ್ಣ "ಅಯ್ಯೋ ಇವಳ!" ಎನ್ನುತ್ತ ಗುಂಡಿಗಿಳಿದು ಮಂಡಿಯೂರಿದ. ಹೆಂಡತಿಯ ತಣ್ಣನೆಯ ಬೆರಳು ಬಿಡಿಸಿ ಫೋನು ತೆಗೆದ.

"ಹಲೋ... ಅಕ್ಕ ಮನಗವ್ಳೆ. ನಂತಾವ ಹೇಳಪ್ಪ."

ಮೂಕಂಡಪಲ್ಲಿಯ ಕಾರ್ಖಾನೆಯಿಂದ ಯಾರೋ ಗುರುತಿಲ್ಲದವನು ಅಳುತ್ತಿದ್ದ. ತವರಿಗೆ ಬಂದಿದ್ದ ಹೆಂಡತಿಗೆ ನೋವು ಶುರುವಾಗಿದೆ, ಅವಳ ಊರು ತಳಿಯ ದಿಬ್ಬದಾಚೆ, ಬಸ್ಸಿಲ್ಲ. ಆಫೀಸಿನ ಕಂಪ್ಯೂಟರಿನಲ್ಲಿ ಹುಡುಕಿದರೆ ತಳಿ ಕಡೆಗೆ ಓಡಾಡುವ ಒಂದು ಜೀಪು ಈ ನಂಬರಿನಲ್ಲಿ ತೋರಿಸುತ್ತಿದೆ.

"ಲೇ ರಾಮಾಂಜಿ, ಜೀಪ್ ತೆಗಿ!"

"ಹೆಣ ತಂದ ಗಾಡಿ ಕಣಣ್ಣೋ. ತೊಳೆದೂ ಇಲ್ಲ, ಬಸುರಿ ಹೆಂಗಸನ್ನ ಹೆಂಗೆ ಕೂರಿಸ್ಲಿ? ಅಪಶಕುನ."

"ಅದ್ರಾಗೆ ಬಂದೋಳು ಯಾರ್ಲಾ?" ಗುಂಡಿಯೊಳಗಿಂದ ಪಾಪಣ್ಣ ಕೂಗಿದ. "ನಮ್ಮ ಕನಕ ಕಣ್ಲಾ! ಅವ್ಳು ಅಪಶಕುನವಾ?"

ರಾಮಾಂಜಿನಪ್ಪ ತಲೆ ತಗ್ಗಿಸಿ ಓಡಿದ. ಹಾರ ಬಿಚ್ಚುವಷ್ಟು ಹೊತ್ತೂ ಇರಲಿಲ್ಲ. ಜೀಪು ಮಂಜಿನೊಳಗೆ ನುಗ್ಗಿತು. ಅದು ಹೋದ ದಾರಿಯುದ್ದಕ್ಕೂ ಚೆಂಡುಹೂವಿನ ಎಸಳು ಉದುರಿದವು.

ಮೇಘಶ್ರೀ ಫೋನಿಗೆಂದು ಕೈ ಚಾಚಿದಳು. ಪಾಪಣ್ಣ ಕೊಡಲಿಲ್ಲ.

"ಚಾರ್ಜಿಗೆ ದಿನಕ್ಕೆ ಎಷ್ಟು ಸಲ ಹಾಕ್ಬೇಕಮ್ಮ ಇದನ್ನ?" ಎಂದು ಕೇಳಿದ. ಗುಂಡಿಯಿಂದ ಮೇಲೆ ಬಂದು, ಫೋನನ್ನು ಎಡಗೈಯಲ್ಲಿ ಹಿಡಿದುಕೊಂಡೇ, ಬಲಗೈಯಿಂದ ಮಣ್ಣು ಎಳೆಯತೊಡಗಿದ.