ಬಂಡಿಯ ಹಿಂಬಾಗಿಲು

ಕಂಪ್ಲಿಯ ಅಕ್ಕಿ ಗಿರಣಿಯ ಚನ್ನಯ್ಯ ಕಾರಿನ ಹಿಂದೆ ಎಳೆದೊಯ್ಯಲು ಪುಟ್ಟ ಮರದ ಬಂಡಿ ಮಾಡಿಸಿದ. ಒಳಗೆ ಇಬ್ಬರಿಗೆ ಮೆತ್ತನೆಯ ಹಾಸಿಗೆ ಇತ್ತು. ಹೊರಗೆ ನಿಂತು ಹಿಂಬಾಗಿಲು ಎತ್ತಿದರೆ ಅಡುಗೆಯ ಗೂಡು. ಆ ಬಾಗಿಲು ಮಾತ್ರ ತೀರಿಹೋದ ಮೊದಲ ಹೆಂಡತಿ ಸಂಗಮ್ಮನ ಅಡುಗೆಮನೆಯದು. ಸತ್ತವರ ಬಾಗಿಲು ಬ್ಯಾಡ, ಸುಟ್ಟುಬಿಡ್ರಿ ಎಂದ ಬಡಗಿಗೆ, "ತೇಗದ ಹಲಗೆ, ಸುಡೋದ್ಯಾಕ?" ಎಂದು ಗದರಿದ್ದ.

ಹೊಸ ಹೆಂಡತಿ ಸುವರ್ಣಮ್ಮನೊಂದಿಗೆ ಕಮಲಾಪುರದ ಕೆರೆ ದಂಡೆಯಲ್ಲಿ ತಂಗಿದ. ನಸುಕಿನಲ್ಲಿ ಹಲಗೆಯಾಚೆ ಶುಂಠಿ ಜಜ್ಜುವ ಸದ್ದು ಕೇಳಿತು. ಕಣ್ಣು ಮುಚ್ಚಿಕೊಂಡೇ, "ಸುವರ್ಣಾ, ಇಷ್ಟು ಜಲ್ದಿ ಯಾಕ ಎದ್ದೀ?" ಎಂದ.

"ನಾ ಇಲ್ಲೇ ಅದೀನಲ್ರಿ," ಎಂದಳು ಮಗ್ಗುಲಲ್ಲಿದ್ದ ಸುವರ್ಣಮ್ಮ.

ಸದ್ದು ನಿಂತಿತು. ಇಬ್ಬರೂ ಇಳಿದು ಹಿಂದೆ ಹೋದರು. ಬಾಗಿಲು ತೆರೆದಿತ್ತು. ಶುಂಠಿ ಚಹಾ ಹಬೆಯಾಡುತ್ತಿತ್ತು. ಲೋಟ ಒಂದೇ ಇತ್ತು.