ಹೊಟ್ಟೆಕಿಚ್ಚಿನವಳ ಮಾತು

ತಂಗಿಯನ್ನು ಮನೆಮಂದಿಯೆಲ್ಲ ಗೊಂಬೆ ಎಂದೇ ಕರೆಯುತ್ತಿದ್ದರು. ಅಕ್ಕನಿಗೆ ಅಂಥ ಹೆಸರೇನೂ ಇರಲಿಲ್ಲ. ಅವಳು ಬರೀ ಅಕ್ಕ. ಚಿಕ್ಕವರಿದ್ದಾಗ ಮನೆಗೆ ಬಂದವರು ಗೊಂಬೆಯ ಗಲ್ಲ ಹಿಂಡಿ ಮುದ್ದಾಡಿ, ಆಮೇಲೆ ನೆನಪಾದವರಂತೆ ಅಕ್ಕನ ಕಡೆ ತಿರುಗಿ, ಇವಳು ತುಂಬಾ ಜಾಣೆ ಎನ್ನುತ್ತಿದ್ದರು. ಆ ಮಾತಿನ ಅರ್ಥ ಅಕ್ಕನಿಗೆ ಆರನೇ ವಯಸ್ಸಿಗೇ ಗೊತ್ತಾಗಿತ್ತು.

ಈಗ ಅವಳಿಗೆ ನಲವತ್ತೆರಡು. ದೊಡ್ಡಾಸ್ಪತ್ರೆಯೊಂದರ ನೆಲಮಾಳಿಗೆಯಲ್ಲಿ ಕೆಲಸ. ಆಪರೇಷನ್‌ಗೆ ಬಳಸಿದ ಕತ್ತರಿ, ಚಿಮಟ, ಚಾಕುಗಳೆಲ್ಲ ಅವಳ ಬಳಿ ಬರುತ್ತಿದ್ದವು. ಅವನ್ನು ಉಜ್ಜಿ ತೊಳೆದು, ಪೊಟ್ಟಣ ಕಟ್ಟಿ, ಹಬೆಯ ಯಂತ್ರದೊಳಗಿಟ್ಟು ತೆಗೆಯಬೇಕು. ಪೊಟ್ಟಣದ ಮೇಲಿನ ಪಟ್ಟಿಯಲ್ಲಿ ಶುದ್ಧವಾಯಿತೆಂಬ ಗುರುತಾಗಿ ಕಪ್ಪು ಗೆರೆ ಮೂಡಿದರಷ್ಟೇ ಅದು ಮೇಲಿನ ಮಹಡಿಗೆ ಹೋಗುವುದು. ಹತ್ತೊಂಬತ್ತು ವರ್ಷದಿಂದ ಹಬೆ ಕುಡಿದೂ ಕುಡಿದೂ ಮುಖ ಒರಟಾಗಿತ್ತು. ಗೊಂಬೆಯಾದರೋ ಕನ್ನಡಕದ ಅಂಗಡಿಯಲ್ಲಿ ನಾಲ್ಕೂ ಕಡೆ ಕನ್ನಡಿಗಳ ನಡುವೆ ನಿಂತು ಗಿರಾಕಿಗಳ ಮೂಗಿಗೆ ಫ್ರೇಮ್ ಏರಿಸುತ್ತಿದ್ದಳು. ಎರಡು ಮಕ್ಕಳಾದ ಮೇಲೂ ಬೀದಿಯಲ್ಲಿ ಹೋದರೆ ಜನ ತಿರುಗಿ ನೋಡುತ್ತಿದ್ದರು.

ಅಂಥವಳು ಒಂದು ಭಾನುವಾರ ಬಂದು, ಹೊಟ್ಟೆಯ ಕೊಬ್ಬು ತೆಗೆಸಿಕೊಳ್ಳುತ್ತೇನೆ, ಗುರುವಾರ ಬೆಳಿಗ್ಗೆ ಹತ್ತಕ್ಕೆ ಹೋಗಬೇಕು, ಜೊತೆಗೊಬ್ಬರು ಇರಲೇಬೇಕಂತೆ, ನೀನು ಬಾ ಎಂದಳು. ಗಂಡ ಕೆಲಸದ ಮೇಲೆ ಪರಊರಿಗೆ ಹೋಗಿದ್ದ. ಅವನು ಬರುವಷ್ಟರಲ್ಲಿ ಎಲ್ಲ ಮುಗಿಸಿ ಬೆರಗುಗೊಳಿಸಬೇಕೆಂಬುದು ಅವಳ ಆಸೆ.

ಅಕ್ಕ ಆಗಲಿ ಎಂದಳು. ಆದರೆ ಹೊಟ್ಟೆಯೊಳಗೆ ಕೆಂಡ ಬಿದ್ದ ಹಾಗಾಯಿತು. ತನ್ನ ಮೂಗಿನ ನಡುವೆ ಮೂಳೆಯ ಉಬ್ಬೊಂದಿತ್ತು. ಅದನ್ನು ಸರಿ ಮಾಡಿಸಿಕೊಳ್ಳಬೇಕೆಂದು ಇಪ್ಪತ್ತು ವರ್ಷದಿಂದ ಒಳಗೊಳಗೇ ಆಸೆಪಟ್ಟಿದ್ದಳೇ ಹೊರತು ಯಾರೆದುರಿಗೂ ಬಾಯಿ ಬಿಟ್ಟಿರಲಿಲ್ಲ. ಈ ವಯಸ್ಸಿನಲ್ಲಿ ಇವಳಿಗೇಕೆ ಶೋಕಿ ಎಂದು ನಗುತ್ತಾರೆಂಬ ಭಯ. ಬೇಕಾದವಳು ಸುಮ್ಮನಿರಬೇಕು, ಬೇಡದವಳು ಹೋಗಿ ಮಾಡಿಸಿಕೊಳ್ಳಬೇಕು. ಆ ನಾಲ್ಕು ದಿನ ಅವಳು ಪೊಟ್ಟಣ ಕಟ್ಟುವಾಗಲೆಲ್ಲ ಗಂಟನ್ನು ಸಿಟ್ಟಿನಿಂದ ಎಳೆದಳು. ಜೊತೆಯ ಕೆಲಸದವಳು ಏನಾಯಿತೆಂದು ಕೇಳಿದ್ದಕ್ಕೆ ತಲೆನೋವು ಎಂದಳು.

ಗುರುವಾರ ಇಬ್ಬರೂ ಹೋದರು. ಕ್ಲಿನಿಕ್ಕು ಇದ್ದದ್ದು ಚಪ್ಪಲಿ ಅಂಗಡಿಯ ಮೇಲೆ, ಮೂರನೇ ಮಹಡಿಯಲ್ಲಿ. ಒಬ್ಬರು ಇಳಿಯುತ್ತಿದ್ದರೆ ಇನ್ನೊಬ್ಬರು ಗೋಡೆಗೆ ಅಂಟಿಕೊಳ್ಳಬೇಕು, ಅಷ್ಟು ಕಿರಿದಾದ ಮೆಟ್ಟಿಲು. ಇಲ್ಲಿಂದ ಸ್ಟ್ರೆಚರ್ ಹೇಗೆ ಇಳಿಸುತ್ತಾರೆ ಎಂಬ ಪ್ರಶ್ನೆ ಅಕ್ಕನಿಗೆ ಅಭ್ಯಾಸಬಲದಿಂದ ಬಂತು. ಒಳಗೆ ಮಾತ್ರ ಮೆತ್ತನೆಯ ಸೋಫಾ, ಘಮಘಮ ವಾಸನೆ, ಗೋಡೆಯ ತುಂಬ ಚೌಕಟ್ಟು ಹಾಕಿದ ಪ್ರಮಾಣಪತ್ರಗಳು. ಗೊಂಬೆ ಕನ್ನಡಿಯಲ್ಲಿ ಮುಖ ನೋಡಿಕೊಳ್ಳುತ್ತಿರುವಾಗ ಅಕ್ಕ ಒಂದೊಂದನ್ನೇ ಓದಿದಳು. ಚರ್ಮದ ಆರೈಕೆಯ ಬಗ್ಗೆ ಮೂರು ದಿನದ ಶಿಬಿರ. ಯಂತ್ರ ಮಾರಿದ ಕಂಪನಿ ಕೊಟ್ಟ ಎರಡು ದಿನದ ತರಬೇತಿ. ಅಲ್ಲಿಯ ಡಾಕ್ಟರು ಶಸ್ತ್ರಚಿಕಿತ್ಸೆ ಕಲಿತಿದ್ದಾರೆಂದು ಹೇಳುವ ಒಂದು ಹಾಳೆಯೂ ಇರಲಿಲ್ಲ.

ಬಿಳಿ ಕೋಟಿನ ಸಹಾಯಕಿಯೊಬ್ಬಳು ಫಾರಂ ತಂದುಕೊಟ್ಟಳು. ಗೊಂಬೆ ಎಲ್ಲದಕ್ಕೂ ಇಲ್ಲ, ಇಲ್ಲ ಎಂದು ಗೀಟು ಹಾಕುತ್ತ ಹೋದಳು. ರಕ್ತಸ್ರಾವದ ತೊಂದರೆ ಇತ್ತೇ ಎಂಬ ಪ್ರಶ್ನೆಗೂ ಇಲ್ಲ. ಅಕ್ಕ ಭುಜದ ಮೇಲಿಂದ ನೋಡಿದಳು. ಗೊಂಬೆ ಹಲ್ಲು ಕೀಳಿಸಿದಾಗ ಎರಡು ದಿನ ರಕ್ತ ನಿಲ್ಲದೆ ದಿಂಬೆಲ್ಲ ತೊಯ್ದಿತ್ತು. ಎರಡನೇ ಹೆರಿಗೆಯಲ್ಲಿ ರಕ್ತ ಏರಿಸಿದ್ದರು. ಹಾಸಿಗೆಯ ಪಕ್ಕ ಕೂತಿದ್ದವಳು ಅಕ್ಕನೇ.

ಅಷ್ಟರಲ್ಲಿ ಒಳಗಿನ ಕೋಣೆಯ ಬಾಗಿಲು ತೆರೆಯಿತು. ತಟ್ಟೆಯೊಂದರಲ್ಲಿ ಕೊಬ್ಬು ಹೀರುವ ಉದ್ದನೆಯ ಕೊಳವೆಗಳು ನೀಲಿ ನೀರಿನಲ್ಲಿ ಮುಳುಗಿಕೊಂಡು ಬಿದ್ದಿದ್ದವು. ಪೊಟ್ಟಣವಿಲ್ಲ, ಗೆರೆಯಿಲ್ಲ. ಆಮ್ಲಜನಕದ ಸಿಲಿಂಡರ್ ಇರಲಿಲ್ಲ. ಅದಿರಬೇಕಾದ ಮೂಲೆಯಲ್ಲಿ ಹೂದಾನಿ ಇತ್ತು.

ಹೇಳಬೇಕಾದ ಮಾತು ನಾಲಿಗೆಯ ತುದಿಗೆ ಬಂತು, ಅಲ್ಲೇ ನಿಂತಿತು. ಅದೇ ಕ್ಷಣ ಇನ್ನೊಂದು ಯೋಚನೆಯೂ ಬಂತು: ಆಗಲಿ ಬಿಡು. ಸಾಯುವುದೇನೂ ಬೇಡ, ಒಂದು ಕಲೆ ಉಳಿಯಲಿ. ಹೊಟ್ಟೆಯ ಮೇಲೆ ಅಡ್ಡಾದಿಡ್ಡಿ ಒಂದು ಕಲೆ. ಆಮೇಲೆ ಕನ್ನಡಿ ನೋಡಿಕೊಳ್ಳಲಿ, ನೋಡೋಣ.

ಆ ಯೋಚನೆ ತನ್ನದೇ ಎಂದು ತಿಳಿದದ್ದೇ ತಡ, ತಂಗಿಯ ಕೈಯಿಂದ ಪೆನ್ನು ಕಿತ್ತುಕೊಂಡಳು.

"ಇಲ್ಲಿ ಮಾಡಿಸ್ಕೋಬೇಡ ಕಣೇ. ಏಳು, ಹೋಗೋಣ."

ಯಾಕೆಂದು ಗೊಂಬೆ ಕೇಳಿದಳು. ಅಕ್ಕ ಕಂಡದ್ದನ್ನೆಲ್ಲ ಹೇಳಿದಳು. ಗೊಂಬೆ ತಾಳ್ಮೆಯಿಂದ ಕೇಳಿದಂತೆ ಮಾಡಿ, ಮೆಲ್ಲನೆ ನಕ್ಕಳು.

"ನಿಂಗೆ ಹೊಟ್ಟೆಕಿಚ್ಚು ಅಕ್ಕ. ಚಿಕ್ಕಂದಿನಿಂದಲೂ ಇದೆ. ನಂಗೆ ಗೊತ್ತಿಲ್ಲ ಅಂದ್ಕೊಂಡಿದ್ಯಾ?"

ಇಷ್ಟು ವರ್ಷ ಇಬ್ಬರೂ ಆಡದೆ ಬಿಟ್ಟಿದ್ದ ಮಾತು. ಅಲ್ಲವೆಂದು ಆಣೆ ಮಾಡಬಹುದಿತ್ತು, ಅತ್ತುಬಿಡಬಹುದಿತ್ತು. ಅಕ್ಕ ಎರಡನ್ನೂ ಮಾಡಲಿಲ್ಲ.

"ಹೌದು, ಇದೆ," ಎಂದಳು. "ಈಗಲೂ ಇದೆ. ಒಂದು ನಿಮಿಷದ ಹಿಂದೆ ನಿಂಗೆ ಕಲೆ ಉಳೀಲಿ ಅಂತ ಕೂಡ ಅನ್ಕೊಂಡೆ. ಆದ್ರೆ ಆ ತಟ್ಟೇನ ನನ್ನ ಹೊಟ್ಟೆಕಿಚ್ಚು ತಂದಿಡ್ಲಿಲ್ಲ. ನಿನ್ನ ರಕ್ತ ನಿಲ್ಲದೇ ಇದ್ದದ್ದೂ ಸುಳ್ಳಲ್ಲ. ನನ್ನ ನಂಬಬೇಡ. ಅವರನ್ನೇ ಕೇಳು."

ಗೊಂಬೆಯ ನಗು ಹಾರಿಹೋಯಿತು. ಅಕ್ಕನನ್ನು ಸೋಲಿಸಲೆಂದೇ ಸಹಾಯಕಿಯನ್ನು ಕರೆದು ಕೇಳಿದಳು. ಮಂಪರು ಬರಿಸುವ ಡಾಕ್ಟರು ಯಾರು? ನಮ್ಮ ಸರ್ರೇ ಎಲ್ಲ ನೋಡಿಕೊಳ್ಳುತ್ತಾರೆ ಎಂದಳು ಸಹಾಯಕಿ. ಏನಾದರೂ ಹೆಚ್ಚುಕಡಿಮೆಯಾದರೆ ಯಾವ ಆಸ್ಪತ್ರೆಗೆ ಕಳಿಸುತ್ತೀರಿ? ನಮ್ಮಲ್ಲಿ ಇದುವರೆಗೆ ಹಾಗೆ ಆಗೇ ಇಲ್ಲ ಮೇಡಂ. ನನಗೆ ರಕ್ತ ಬೇಗ ನಿಲ್ಲುವುದಿಲ್ಲ, ಪರೀಕ್ಷೆ ಮಾಡಿಸಬೇಕೇ?

"ಅಯ್ಯೋ, ರಕ್ತ ಬರೋದೇ ಇಲ್ಲ ಮೇಡಂ ಇದ್ರಲ್ಲಿ. ನಿಮ್ಮಂಥ ಮೈಕಟ್ಟಿಗೆ ಇದು ಹೇಳಿ ಮಾಡಿಸಿದ ಹಾಗಿದೆ."

ಗೊಂಬೆ ಅವಳನ್ನೇ ನೋಡುತ್ತ ನಿಂತಳು. ಆ ದನಿ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಮುಖಕ್ಕೆ ಒಪ್ಪದ ಫ್ರೇಮನ್ನು ಗಿರಾಕಿಯ ಕೈಯಲ್ಲಿಟ್ಟು, ನಿಮಗೆ ಹೇಳಿ ಮಾಡಿಸಿದ ಹಾಗಿದೆ ಎಂದು ದಿನಕ್ಕೆ ಹತ್ತು ಸಲ ಅನ್ನುವವಳು ಅವಳೇ. ಫ್ರೇಮು ಸರಿಹೋಗದಿದ್ದರೆ ಜನ ವಾಪಸು ತಂದುಕೊಡುತ್ತಿದ್ದರು.

ಕೈಚೀಲ ಎತ್ತಿಕೊಂಡು ಮೆಟ್ಟಿಲಿಳಿದಳು. ಆದರೆ ಬೀದಿಗೆ ಬಂದ ಮೇಲೆ ಅಕ್ಕನ ಮುಖ ನೋಡಲಿಲ್ಲ. ಕಲೆ ಉಳಿಯಲಿ ಎಂದುಕೊಂಡೆಯಾ ಎಂದು ಒಂದೇ ಒಂದು ಸಲ ಕೇಳಿದಳು. ಅಕ್ಕ ಹೂಂ ಎಂದಳು. ಗೊಂಬೆ ಬಸ್ಸು ಹತ್ತಿ ಹೊರಟುಹೋದಳು.

ಎರಡು ತಿಂಗಳು ಮಾತಿರಲಿಲ್ಲ. ಅಕ್ಕ ಫೋನು ಕೈಗೆತ್ತಿಕೊಂಡು ಕೆಳಗಿಟ್ಟದ್ದೆಷ್ಟು ಸಲವೋ. ತಪ್ಪು ಒಪ್ಪಿಕೊಂಡಿದ್ದು ಹೆಚ್ಚಾಯಿತೇ, ಕಂಡದ್ದಷ್ಟನ್ನೇ ಹೇಳಿ ಸುಮ್ಮನಿರಬೇಕಿತ್ತೇ ಎಂದು ಕೊರಗಿದಳು. ಕೊನೆಗೆ ಗೊಂಬೆಯೇ ಅವಳ ಆಸ್ಪತ್ರೆಯ ಗೇಟಿನ ಬಳಿ ಗಂಡನ ಜೊತೆ ಬಂದು ನಿಂತಳು. ಇಲ್ಲಿಯ ಪ್ಲಾಸ್ಟಿಕ್ ಸರ್ಜರಿ ಡಾಕ್ಟರಿಗೆ ತೋರಿಸಬೇಕು, ಯಾರು ಒಳ್ಳೆಯವರು ಎಂದು, ನಡುವೆ ಏನೂ ಆಗಿಲ್ಲವೆಂಬಂತೆ ಕೇಳಿದಳು.

ಅಕ್ಕ ಹೇಳಿದ ಡಾಕ್ಟರಮ್ಮ ಮೊದಲು ಮುಟ್ಟಿದ್ದು ಹೊಟ್ಟೆಯನ್ನಲ್ಲ, ಹಳೆಯ ಚೀಟಿಗಳನ್ನು. ರಕ್ತ ಪರೀಕ್ಷೆಯಾಯಿತು. ರಕ್ತ ಹೆಪ್ಪುಗಟ್ಟುವುದರಲ್ಲಿ ಹುಟ್ಟಿನಿಂದಲೇ ಸ್ವಲ್ಪ ಕೊರತೆ ಇದೆ, ತಿಳಿಯದೆ ಕೈ ಹಾಕಿದ್ದರೆ ದೊಡ್ಡ ಅನಾಹುತವಾಗುತ್ತಿತ್ತು ಎಂದರು. ರಕ್ತದ ತಜ್ಞರನ್ನು ಕಂಡು, ಮೊದಲೇ ಔಷಧಿ ತೆಗೆದುಕೊಂಡು, ಸ್ವಲ್ಪವೇ ಕೊಬ್ಬು ತೆಗೆಸುವುದೆಂದು ನಿಶ್ಚಯವಾಯಿತು. ಮೂರು ದಿನ ಆಸ್ಪತ್ರೆಯಲ್ಲೇ ಇಟ್ಟುಕೊಂಡರು. ಆಪರೇಷನ್ ದಿನ ಥಿಯೇಟರಿಗೆ ಹೋದ ಪೊಟ್ಟಣಗಳ ಗೆರೆಯನ್ನು ಅಕ್ಕ ಎರಡೆರಡು ಸಲ ನೋಡಿ ಕಳಿಸಿದ್ದಳು.

ಎಲ್ಲ ಚೆನ್ನಾಗಿಯೇ ಆಯಿತು. ಊತ ಇಳಿದಂತೆ ಗೊಂಬೆಯ ಸೊಂಟ ಹದಿನೆಂಟರ ಹುಡುಗಿಯದಂತೆ ಕಾಣತೊಡಗಿತು. ಆರು ವಾರ ಬಿಗಿಯಾದ ಪಟ್ಟಿ ಕಟ್ಟಿಕೊಂಡೇ ಇರಬೇಕಿತ್ತು. ದಿನಾ ಸಂಜೆ ಕೆಲಸ ಮುಗಿಸಿ ಬಂದು ಅದನ್ನು ಬಿಚ್ಚಿ, ಮೈ ಒರೆಸಿ, ಮತ್ತೆ ಕೊಕ್ಕೆ ಹಾಕುವುದು ಅಕ್ಕನ ಪಾಲಿಗೆ ಬಂತು. ಕಲೆ ಎಂದರೆ ಅಕ್ಕಿಕಾಳಿನಷ್ಟು ಸಣ್ಣ ಎರಡು ಚುಕ್ಕೆಗಳು, ಅಷ್ಟೇ. ಅವನ್ನು ನೋಡಿದಾಗ ಅಕ್ಕನಿಗೆ ನೆಮ್ಮದಿಯಾಯಿತು. ಹಿಂದೆಯೇ ಹಳೆಯ ಕೆಂಡವೂ ಬಂದು ತನ್ನ ಜಾಗದಲ್ಲಿ ಕೂತಿತು.

ಒಂದು ಸಂಜೆ ಅಕ್ಕ ತನಗರಿವಿಲ್ಲದೆ ಕೊಕ್ಕೆಯನ್ನು ತುಸು ಜೋರಾಗಿಯೇ ಬಿಗಿದುಬಿಟ್ಟಳು.

"ಅಕ್ಕ, ಉಸಿರು ಕಟ್ತಿದೆ," ಎಂದಳು ಗೊಂಬೆ. "ಇವತ್ತು ಕಿಚ್ಚು ಜಾಸ್ತಿ ಇದ್ಯಾ?"

"ಇದೆ," ಎಂದಳು ಅಕ್ಕ.

ಗೊಂಬೆ ನಕ್ಕಳು, ಹೊಟ್ಟೆ ನೋಯದಂತೆ ಕೈ ಒತ್ತಿಕೊಂಡು. ಅಕ್ಕ ಆ ಕೊಕ್ಕೆಯನ್ನು ಬಿಡಿಸಿ, ಒಂದು ಸಾಲು ಸಡಿಲವಾಗಿ ಹಾಕಿದಳು.